ಅಂತರ್ಜಲ ಮಾಲಿನ್ಯದ ಮಾಡೆಲ್ ಸುಳ್ಳು ಹೇಳುತ್ತಿದೆಯಾ? ತಪ್ಪು ಹಿಡಿಯುವುದು ಹೀಗೆ

ಅಂತರ್ಜಲದಲ್ಲಿ ಮಾಲಿನ್ಯ ಹೇಗೆ ಹರಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್ ಮೈನಸ್ ಸಾಂದ್ರತೆ ತೋರಿಸಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಸೊನ್ನೆಗಿಂತ ಕಡಿಮೆ ಕ್ಲೋರೈಡ್ ಯಾವ ನೀರಿನಲ್ಲೂ ಇರುವುದಿಲ್ಲ, ಹಾಗಾಗಿ ಏನೋ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಚೆಂದದ ಚಿತ್ರ. ನುಣುಪಾದ ಅಂಚು, ಒಂದರೊಳಗೊಂದು ಕೂತ ಗೆರೆಗಳು, ಎಲ್ಲೂ ಮೈನಸ್ ಇಲ್ಲ, ಮಾಸ್ ಬ್ಯಾಲೆನ್ಸ್ (ಒಳಬಂದ, ಹೊರಹೋದ, ಉಳಿದ ಮಾಲಿನ್ಯದ ತೂಕದ ಲೆಕ್ಕ) ಪಕ್ಕಾ. ಇಂಥ ಪ್ಲೂಮ್ (ಮೂಲದಿಂದ ನೀರಿನಲ್ಲಿ ಹರಡಿದ ಮಾಲಿನ್ಯದ ಮೋಡ) ತೋರಿಸಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನೂ ಕೇಳಿಕೊಂಡಿರಲಿಲ್ಲ. ಒಂದು ಮಾಡೆಲನ್ನು ಬಾವಿಗಳ ಅಳತೆಗೆ ಹೊಂದಿಸಲು ವಾರಗಟ್ಟಲೆ ಕೂತಿದ್ದೆ. (ಮಾಡೆಲ್ ನೆಲವನ್ನು ಸೆಲ್ ಅನ್ನುವ ಡಬ್ಬಿಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ, ಆ ಡಬ್ಬಿಗಳ ಜಾಲವೇ ಗ್ರಿಡ್.) ಕೊನೆಗೆ ಗೆರೆಗಳು ಚುಕ್ಕಿಗಳ ಮೇಲೆ ಹಾದುಹೋದವು, ಖುಷಿಯಾಯಿತು. ಪರಿಶೀಲನೆಗೆ ಕೂತವರು ಒಂದೇ ಮಾತು ಕೇಳಿದರು: ಸೆಲ್ ಅಳತೆ ಅರ್ಧ ಮಾಡಿ ಓಡಿಸಿ ನೋಡಿದಿರಾ? ಓಡಿಸಿದೆ. ಹೊಂದಾಣಿಕೆ ಮಾಯ. ವಾರಗಟ್ಟಲೆ ನಾನು ಹೊಂದಿಸಿದ್ದು ನೆಲದ ಗುಣವನ್ನಲ್ಲ, ನನ್ನ ಗ್ರಿಡ್ಡಿನ ದಡ್ಡತನವನ್ನು.

ಅಲ್ಲಿಂದೀಚೆಗೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಫಲಿತಾಂಶ ಅನುಮಾನ ಹುಟ್ಟಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಈ ತಪ್ಪು ಯಾರದ್ದು ಅನ್ನುವುದು. ನೀರಿನ ಹರಿವಿನದಾ, ಕೊಟ್ಟ ಅಂಕಿಯದಾ, ಲೆಕ್ಕ ಹಾಕುವ ಪದ್ಧತಿಯದಾ, ಅಥವಾ ನಿಜವಾಗಿಯೂ ನೆಲ ಹಾಗೇ ಇದೆಯಾ? ಸುಮಾರು ಜನ ನೇರ ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ. ಅದು ಕೊನೆಗೆ ಮುಟ್ಟುವ ಜಾಗ.

ಮೊದಲು ನೀರು, ಆಮೇಲೆ ವಿಷ

ಮಾಲಿನ್ಯದ ಮಾಡೆಲ್ ಹರಿವಿನ ಮಾಡೆಲ್‌ನ ಹೆಗಲ ಮೇಲೆ ಕೂತಿರುತ್ತದೆ. ಮಾಡ್‌ಫ್ಲೋ ಅನ್ನುವ ಹರಿವಿನ ಸಾಫ್ಟ್‌ವೇರ್ ಪ್ರತಿ ಸೆಲ್‌ನಿಂದ ಪಕ್ಕದ ಸೆಲ್‌ಗೆ ಎಷ್ಟು ನೀರು ಹೋಯಿತು ಅಂತ ಹೇಳುತ್ತದೆ. ಮಾಲಿನ್ಯದ ಲೆಕ್ಕ ಮಾಡುವ ಎಂಟಿ3ಡಿಎಂಎಸ್ ಸಾಫ್ಟ್‌ವೇರ್ ಆಗಲಿ, ಮಾಡ್‌ಫ್ಲೋ 6ರ ಟ್ರಾನ್ಸ್‌ಪೋರ್ಟ್ ಮಾಡೆಲ್ ಆಗಲಿ ಅದನ್ನೇ ನಂಬಿ ಮುಂದಿನ ಲೆಕ್ಕ ಮಾಡುತ್ತದೆ. ಹರಿವಿನ ವರದಿಯ ಕೊನೆಯಲ್ಲಿ ಶೇಕಡಾ 0.01 ವ್ಯತ್ಯಾಸ ಅಂತ ಬರೆದಿದ್ದರೆ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆದರೆ ಅದು ಇಡೀ ಮಾಡೆಲ್‌ನ ಒಟ್ಟು ಲೆಕ್ಕ. ಒಂದು ಸೆಲ್‌ನಲ್ಲಿ ನೀರು ಹೆಚ್ಚಾಗಿ, ಇನ್ನೊಂದರಲ್ಲಿ ಅಷ್ಟೇ ಕಡಿಮೆಯಾದರೆ ಒಟ್ಟಿನಲ್ಲಿ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಮಾಲಿನ್ಯದ ಲೆಕ್ಕಕ್ಕೆ ಮಾತ್ರ ಆ ಎರಡು ಸೆಲ್‌ಗಳು ಎರಡು ಕಳ್ಳ ಬಾಗಿಲುಗಳು.

ಇದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ, ಯಾಕೋ ಜಾಸ್ತಿ ಜನ ಮಾಡುವುದಿಲ್ಲ. ಎಲ್ಲ ಸೆಲ್‌ಗಳ ಆರಂಭದ ಸಾಂದ್ರತೆ 1 ಅಂತ ಕೊಡಿ. ಒಳಗೆ ಬರುವ ಪ್ರತಿ ನೀರಿಗೂ 1 ಕೊಡಿ, ಮಳೆ ಇಂಗುವಿಕೆ, ನದಿ, ಗಡಿ ಎಲ್ಲಕ್ಕೂ. ಆವಿಯಾಗಿ ಹೋಗುವ ನೀರು ಇದ್ದರೆ ಅದೂ 1ರಲ್ಲೇ ಹೊರಹೋಗಲಿ. ಕೊಳೆಯುವಿಕೆ, ಮಣ್ಣಿಗೆ ಅಂಟುವಿಕೆ ಎಲ್ಲ ಬಂದ್. ಈಗ ಓಡಿಸಿ. ಎಷ್ಟು ವರ್ಷ ಓಡಿಸಿದರೂ ಎಲ್ಲ ಕಡೆ 1 ಇರಬೇಕು. ಎಲ್ಲಾದರೂ 1.3 ಅಥವಾ 0.8 ಕಂಡರೆ ಆ ಸೆಲ್‌ನಲ್ಲಿ ನೀರಿನ ಲೆಕ್ಕ ಕೂಡಿಬಂದಿಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಒಣಗಿ ಮತ್ತೆ ತುಂಬುವ ಸೆಲ್‌ಗಳು, ತೀರಾ ತೆಳುವಾದ ಪದರಗಳು, ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ವ್ಯತ್ಯಾಸದ ವಾಹಕತೆ (ನೆಲ ನೀರನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವ ಅಳತೆ) ಇರುವ ಅಕ್ಕಪಕ್ಕದ ಸೆಲ್‌ಗಳು. ಹರಿವಿನ ಸಾಲ್ವರ್ ಒಪ್ಪಿಕೊಳ್ಳುವ ತಪ್ಪಿನ ಮಿತಿಯನ್ನು ಇನ್ನೂ ಬಿಗಿ ಮಾಡಿ, ಮತ್ತೆ ಓಡಿಸಿ. ಇದು ಸರಿಹೋಗುವ ತನಕ ಪ್ಲೂಮ್ ಕಡೆ ತಿರುಗಿಯೂ ನೋಡಬೇಡಿ.

ಪ್ಲೂಮ್ ಓಡುತ್ತಿದೆ, ಅಥವಾ ಕೂತಲ್ಲೇ ಕೂತಿದೆ

ವೇಗ ತಪ್ಪಿದ್ದರೆ ಪದ್ಧತಿಯನ್ನು ಬೈಯಬೇಡಿ. ಹತ್ತರಲ್ಲಿ ಒಂಬತ್ತು ಸಲ ಅಂಕಿಯ ತಪ್ಪೇ ಇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆಯವರೆಗೂ ಇದೇ ಸಾಕು. ವಾಹಕತೆ ದಿನಕ್ಕೆ 10 ಮೀಟರ್, ನೀರಿನ ಮಟ್ಟದ ಇಳಿಜಾರು 0.005, ರಂಧ್ರತೆ (ನೆಲದಲ್ಲಿ ಸಂದಿಗಳ ಪಾಲು) 0.25. ಡಾರ್ಸಿ ಲೆಕ್ಕದಲ್ಲಿ (ವಾಹಕತೆ × ಇಳಿಜಾರು) ಹರಿವು ದಿನಕ್ಕೆ 0.05 ಮೀಟರ್. ಆದರೆ ನೀರು ಕಲ್ಲು ಮರಳಿನ ನಡುವಿನ ಸಂದಿಯಲ್ಲಿ ಮಾತ್ರ ಹರಿಯುವುದರಿಂದ ಅದರ ನಿಜವಾದ ವೇಗ 0.05 ÷ 0.25, ಅಂದರೆ ದಿನಕ್ಕೆ 0.2 ಮೀಟರ್. ನಿಮ್ಮ ಪ್ಲೂಮ್ ನಾಲ್ಕು ಪಟ್ಟು ನಿಧಾನ ಇದ್ದರೆ ರಂಧ್ರತೆಯಿಂದ ಭಾಗಿಸುವುದು ಬಿಟ್ಟುಹೋಗಿದೆ. ನಾಲ್ಕು ಪಟ್ಟು ವೇಗ ಇದ್ದರೆ ಎರಡು ಸಲ ಭಾಗಿಸಿದ್ದೀರಿ, ಸಾಫ್ಟ್‌ವೇರ್ ಒಂದು ಸಲ, ನೀವು ಒಂದು ಸಲ. ತಪ್ಪಿನ ಪಟ್ಟು ಎಷ್ಟು ಅಂತ ನೋಡಿದರೆ ಸಾಕು, ಕಾರಣ ತಾನೇ ಬಾಯಿಬಿಡುತ್ತದೆ.

ಕೂತಲ್ಲೇ ಕೂತಿದ್ದರೆ ಮಣ್ಣಿಗೆ ಅಂಟುವ ಲೆಕ್ಕ ನೋಡಿ. ರಿಟಾರ್ಡೇಷನ್ (ಅಂಟುವುದರಿಂದ ಮಾಲಿನ್ಯ ನೀರಿಗಿಂತ ಎಷ್ಟು ಪಟ್ಟು ನಿಧಾನ ಅನ್ನುವುದು) ಅಂದರೆ 1 + (ಬಲ್ಕ್ ಡೆನ್ಸಿಟಿ × ಕೆಡಿ ÷ ರಂಧ್ರತೆ). ಬಲ್ಕ್ ಡೆನ್ಸಿಟಿ ಅಂದರೆ ಸಂದಿ ಸೇರಿಸಿ ಅಳೆದ ಒಣ ಮಣ್ಣಿನ ತೂಕ, ಕೆಡಿ ಅಂದರೆ ಮಾಲಿನ್ಯ ಮಣ್ಣಿಗೆ ಎಷ್ಟು ಅಂಟುತ್ತದೆ ಅನ್ನುವ ಅಂಕಿ. ಬಲ್ಕ್ ಡೆನ್ಸಿಟಿ ಲೀಟರಿಗೆ 1.7 ಕಿಲೋ, ಕೆಡಿ ಕಿಲೋಗೆ 0.5 ಲೀಟರ್ ಆದರೆ 4.4 ಬರುತ್ತದೆ. ಬಲ್ಕ್ ಡೆನ್ಸಿಟಿಯನ್ನು ಘನ ಮೀಟರಿಗೆ 1700 ಕಿಲೋ ಅಂತ ಕೊಟ್ಟು ಕೆಡಿಯನ್ನು ಮಾತ್ರ ಲೀಟರಿನಲ್ಲೇ ಬಿಟ್ಟರೆ 3401 ಬರುತ್ತದೆ. ಆಮೇಲೆ ನಿಮ್ಮ ಪ್ಲೂಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ. ಮೀಟರ್ ಲೆಕ್ಕದಲ್ಲಿ ಹೋಗುವುದಾದರೆ ಕೆಡಿ 0.0005 ಆಗಬೇಕು.

ಪ್ಲೂಮ್ ಹುಟ್ಟಿದ ಕೂಡಲೇ ಮಾಯವಾದರೆ ಅರ್ಧಾಯುಷ್ಯದ ಅಂಕಿಯನ್ನು ಕೊಳೆಯುವ ದರದ ಜಾಗದಲ್ಲಿ ಹಾಕಿದ್ದೀರಾ ನೋಡಿ. ದರ ಅಂದರೆ 0.693 ÷ ಅರ್ಧಾಯುಷ್ಯ. 700 ದಿನಕ್ಕೆ ಅದು ಸುಮಾರು 0.001. ಇನ್ನೊಂದು ಸೂಕ್ಷ್ಮ ಇದೆ. ಎಂಟಿ3ಡಿಎಂಎಸ್‌ನಲ್ಲಿ ನೀರಿನಲ್ಲಿ ಕರಗಿದ ಭಾಗಕ್ಕೆ ಒಂದು ದರ, ಮಣ್ಣಿಗೆ ಅಂಟಿದ ಭಾಗಕ್ಕೆ ಇನ್ನೊಂದು. ವಿಕಿರಣ ವಸ್ತು ಎಲ್ಲಿದ್ದರೂ ಕೊಳೆಯುತ್ತದೆ, ಅದಕ್ಕೆ ಎರಡೂ ಒಂದೇ ಇರಬೇಕು. ಎರಡನೆಯದನ್ನು ಸೊನ್ನೆ ಬಿಟ್ಟರೆ, ನಮ್ಮ ಉದಾಹರಣೆಯಲ್ಲಿ ಕೊಳೆಯುವಿಕೆ 4.4 ಪಟ್ಟು ನಿಧಾನ ಕಾಣುತ್ತದೆ.

ಒಂದು ಕೊಳವೆ ಸಾಕು

ನೀರು ಸರಿ, ಅಂಕಿ ಸರಿ, ಆದರೂ ಅನುಮಾನ ಹೋಗಿಲ್ಲ. ಈಗ ಆ ದೊಡ್ಡ ಮೂರು ಆಯಾಮದ ಮಾಡೆಲನ್ನು ಪಕ್ಕಕ್ಕಿಡಿ. ಒಂದೇ ಸಾಲಿನಲ್ಲಿ ಸೆಲ್‌ಗಳನ್ನು ಜೋಡಿಸಿ ಒಂದು ಉದ್ದ ಕೊಳವೆ ಮಾಡಿ. ಸೆಲ್ ಉದ್ದ, ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಕಾಲ), ಡಿಸ್ಪರ್ಸಿವಿಟಿ (ಹರಿಯುವಾಗ ಮಾಲಿನ್ಯ ಎಷ್ಟು ಚದುರುತ್ತದೆ ಅನ್ನುವ ನೆಲದ ಗುಣ) ಎಲ್ಲ ನಿಮ್ಮ ದೊಡ್ಡ ಮಾಡೆಲ್‌ನದ್ದೇ ಇರಲಿ. ಒಂದು ತುದಿಯಲ್ಲಿ ಸದಾ ಸಾಂದ್ರತೆ 1. ಇದಕ್ಕೆ 1961ರಲ್ಲಿ ಓಗಾಟಾ ಮತ್ತು ಬ್ಯಾಂಕ್ಸ್ ಕೊಟ್ಟ ಸೂತ್ರದ ಉತ್ತರ ಇದೆ, ಸ್ಪ್ರೆಡ್‌ಶೀಟ್‌ನಲ್ಲೇ ಮಾಡಬಹುದು.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವಾಗ ಒಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. ಸೂತ್ರದ ಎರಡನೇ ಭಾಗದಲ್ಲಿ ಒಂದು ಎಕ್ಸ್‌ಪೊನೆನ್ಷಿಯಲ್ ಇದೆ, ಅದರ ಘಾತ ವೇಗ × ದೂರ ÷ ಡಿಸ್ಪರ್ಷನ್ (ಹರಡುವಿಕೆಯ ದರ). ಡಿಸ್ಪರ್ಷನ್ ಚಿಕ್ಕದಾದರೆ ಘಾತ 700 ದಾಟುತ್ತದೆ, ಸಂಖ್ಯೆ ಕಂಪ್ಯೂಟರಿನ ಮಿತಿ ಮೀರುತ್ತದೆ, ಅದರ ಪಕ್ಕದ ಎರ್ಫ್‌ಸಿ ಅನ್ನುವ ಗಣಿತದ ಫಂಕ್ಷನ್ ಸೊನ್ನೆಯಾಗಿರುತ್ತದೆ, ಎರಡನ್ನೂ ಗುಣಿಸಿದರೆ ಕಸ. ಆಗ ಜನ ಮಾಡೆಲ್ ತಪ್ಪು ಅಂದುಕೊಳ್ಳುತ್ತಾರೆ, ತಪ್ಪಿರುವುದು ಹೋಲಿಸಲು ಇಟ್ಟುಕೊಂಡ ಉತ್ತರದಲ್ಲಿ. ಸ್ಕೇಲ್ ಮಾಡಿದ ಎರ್ಫ್‌ಸಿ ಬಳಸಿ, ಇಲ್ಲಾಂದ್ರೆ ಅಂಥ ಕಡೆ ಎರಡನೇ ಭಾಗವನ್ನು ಬಿಟ್ಟುಬಿಡಿ. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ.

ಅಂಚು ಕರಗಿ ಹರಡುವುದು

ಇದೇ ಆ ಚೆಂದದ ಕಾಯಿಲೆ. ಜಾಸ್ತಿ ಹೊತ್ತು ಇಲ್ಲೇ ನಿಲ್ಲಬೇಕು.

ಕೊಳವೆಯಲ್ಲಿ ವೇಗ ದಿನಕ್ಕೆ 0.2 ಮೀಟರ್, ಸೆಲ್ 10 ಮೀಟರ್, ಡಿಸ್ಪರ್ಸಿವಿಟಿ 1 ಮೀಟರ್, ಟೈಮ್ ಸ್ಟೆಪ್ 25 ದಿನ. ಡಿಸ್ಪರ್ಷನ್ ಅಂದರೆ ಡಿಸ್ಪರ್ಸಿವಿಟಿ × ವೇಗ, ದಿನಕ್ಕೆ 0.2 ಚದರ ಮೀಟರ್. ನೀರು ಒಂದು ಸ್ಟೆಪ್‌ನಲ್ಲಿ 5 ಮೀಟರ್ ಹೋಗುತ್ತದೆ, ಅಂದರೆ ಸೆಲ್‌ನ ಅರ್ಧ, ಹಾಗಾಗಿ ಕೂರಾಂಟ್ ಸಂಖ್ಯೆ 0.5. ಅಪ್‌ಸ್ಟ್ರೀಮ್ ಪದ್ಧತಿ ಏನು ಮಾಡುತ್ತದೆ ಅಂದರೆ, ಸೆಲ್‌ನ ಗೋಡೆ ದಾಟುವ ನೀರಿಗೆ ಹಿಂದಿನ ಸೆಲ್‌ನ ಸರಾಸರಿ ಸಾಂದ್ರತೆಯನ್ನೇ ಹಚ್ಚುತ್ತದೆ. ಮಾಲಿನ್ಯದ ಅಂಚು ಸೆಲ್ ಒಳಗೆ ಈಗಷ್ಟೇ ಕಾಲಿಟ್ಟಿದ್ದರೂ ಪದ್ಧತಿಗೆ ಅದು ಇಡೀ ಸೆಲ್‌ನಲ್ಲಿ ಕಲಸಿಹೋದಂತೆ. ಹಾಗಾಗಿ ಸ್ವಲ್ಪ ಭಾಗ ಆಗಲೇ ಮುಂದಿನ ಸೆಲ್‌ಗೆ ಜಾರುತ್ತದೆ. ಪ್ರತಿ ಸ್ಟೆಪ್‌ನಲ್ಲೂ ಇದೇ ಕತೆ.

ಈ ಸುಳ್ಳು ಹರಡುವಿಕೆಗೆ ಲೆಕ್ಕ ಇದೆ. ವೇಗ × ಸೆಲ್ ಉದ್ದ ÷ 2, ಅದನ್ನು ಇಂಪ್ಲಿಸಿಟ್ ಲೆಕ್ಕದಲ್ಲಿ, ಅಂದರೆ ಸ್ಟೆಪ್‌ನ ಕೊನೆಯ ಸಾಂದ್ರತೆ ಬಳಸಿದರೆ, (1 + ಕೂರಾಂಟ್) ಇಂದ ಗುಣಿಸಿ, ಎಕ್ಸ್‌ಪ್ಲಿಸಿಟ್ ಲೆಕ್ಕದಲ್ಲಿ, ಅಂದರೆ ಸ್ಟೆಪ್‌ನ ಶುರುವಿನ ಸಾಂದ್ರತೆ ಬಳಸಿದರೆ, (1 − ಕೂರಾಂಟ್) ಇಂದ. ನಮ್ಮ ಕೊಳವೆಗೆ ಇಂಪ್ಲಿಸಿಟ್‌ನಲ್ಲಿ 1.5 ಬರುತ್ತದೆ. ನೀವು ಕೊಟ್ಟದ್ದು 0.2, ಗ್ರಿಡ್ ತಾನಾಗಿ ಸೇರಿಸಿದ್ದು 1.5. ಏಳೂವರೆ ಪಟ್ಟು! ಮಾಡೆಲ್ ನಿಜಕ್ಕೂ ಓಡುತ್ತಿರುವುದು 8.5 ಮೀಟರ್ ಡಿಸ್ಪರ್ಸಿವಿಟಿಯಲ್ಲಿ. ಇನ್‌ಪುಟ್ ಫೈಲ್‌ನಲ್ಲಿ ಬರೆದ 1 ಅನ್ನುವ ಅಂಕಿ ಸುಮ್ನೆ ಅಲಂಕಾರ.

ಇದರಿಂದ ಏನಾಗುತ್ತದೆ? 1000 ದಿನದಲ್ಲಿ ಮಾಲಿನ್ಯದ ಅಂಚಿನ ನಡುಭಾಗ 200 ಮೀಟರ್ ತಲುಪುತ್ತದೆ, ಅದು ಸೂತ್ರದ ಉತ್ತರದಲ್ಲೂ ಹರಡಿದ ಉತ್ತರದಲ್ಲೂ ಸರಿಯಾಗೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಈಗ 300 ಮೀಟರ್ ದೂರದಲ್ಲಿ ಒಂದು ಕುಡಿಯುವ ನೀರಿನ ಬಾವಿ ಇದೆ ಅಂದುಕೊಳ್ಳಿ. ಸರಿಯಾದ ಉತ್ತರದ ಪ್ರಕಾರ ಅಲ್ಲಿ ಮೂಲದ ಹತ್ತು ಲಕ್ಷದಲ್ಲಿ ಒಂದು ಪಾಲೂ ಇರುವುದಿಲ್ಲ. ಹರಡಿದ ಉತ್ತರದ ಪ್ರಕಾರ ನೂರಕ್ಕೆ ಐದು ಪಾಲು ಬಂದು ಮುಟ್ಟಿರುತ್ತದೆ. ಒಂದು ಉತ್ತರ ಬಾವಿ ಮುಚ್ಚಿ ಅನ್ನುತ್ತದೆ, ಇನ್ನೊಂದು ನೀರು ಕುಡಿಯಿರಿ ಅನ್ನುತ್ತದೆ. ಎರಡರ ನಡುವಿನ ವ್ಯತ್ಯಾಸ ಸೆಲ್ ಅಳತೆ ಮತ್ತು ಟೈಮ್ ಸ್ಟೆಪ್ ಅಷ್ಟೇ.

ಹಿಡಿಯುವುದು ಹೇಗೆ? ಡಿಸ್ಪರ್ಸಿವಿಟಿಯನ್ನು ಸೊನ್ನೆ ಮಾಡಿ, ಅಣುಗಳ ಡಿಫ್ಯೂಷನ್ ಕೂಡ ಸೊನ್ನೆ. ಈಗ ಅಂಚು ಬ್ಲೇಡಿನಂತೆ ನೇರ ಇರಬೇಕು. ಇರುವುದಿಲ್ಲ. ಉಳಿದ ಹರಡುವಿಕೆ ಪೂರ್ತಿ ಲೆಕ್ಕದ್ದು. ಸಾಂದ್ರತೆ 0.84 ಇರುವ ಜಾಗದಿಂದ 0.16 ಇರುವ ಜಾಗದವರೆಗೆ ದೂರ ಅಳೆಯಿರಿ, ಅದರ ಅರ್ಧವನ್ನು ವರ್ಗ ಮಾಡಿ, ಕಾಲದ ಎರಡರಷ್ಟರಿಂದ ಭಾಗಿಸಿ. ನಿಮ್ಮ ಗ್ರಿಡ್ ಎಷ್ಟು ಡಿಸ್ಪರ್ಷನ್ ಕದ್ದು ಸೇರಿಸುತ್ತಿದೆ ಅಂತ ಅಂಕಿಯಲ್ಲೇ ಸಿಗುತ್ತದೆ. ನಮ್ಮ ಕೊಳವೆಯಲ್ಲಿ ಆ ದೂರ ಸುಮಾರು 110 ಮೀಟರ್ ಬರುತ್ತದೆ. ದೊಡ್ಡ ಮಾಡೆಲ್‌ನಲ್ಲೂ ಈ ಪರೀಕ್ಷೆ ಮಾಡಬಹುದು, ಅಡ್ಡಡ್ಡ ಎಷ್ಟು ಹರಡಿದೆ ಅಂತ ಆಗ ಕಾಣುತ್ತದೆ. ಹರಿವು ಗ್ರಿಡ್‌ಗೆ ಓರೆಯಾಗಿದ್ದರೆ ಆ ಅಡ್ಡ ಹರಡುವಿಕೆ ಇನ್ನೂ ಘೋರ.

ಡಿಸ್ಪರ್ಸಿವಿಟಿಯನ್ನು ದೊಡ್ಡದಾಗಿ ಕೊಟ್ಟರೆ ಗ್ರಿಡ್‌ನ ತಪ್ಪು ಮುಚ್ಚಿಹೋಗುತ್ತದಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಮುಚ್ಚಿಹೋಗುತ್ತದೆ, ಹೌದು. ಆದರೆ ನಿಜವಾದ ನೆಲದಲ್ಲಿ ಅಳೆದ ಅಂಕಿಗಳನ್ನು ನೋಡಿ. ಕೆನಡಾದ ಬೋರ್ಡೆನ್‌ನಲ್ಲಿ 1982ರಲ್ಲಿ ಶುರುವಾದ ಪ್ರಯೋಗದಲ್ಲಿ ಉದ್ದುದ್ದ ಡಿಸ್ಪರ್ಸಿವಿಟಿ 0.36 ಮೀಟರ್ ಸಿಕ್ಕಿತು. ಅಮೆರಿಕದ ಕೇಪ್ ಕಾಡ್‌ನಲ್ಲಿ 0.96 ಮೀಟರ್, ಅಡ್ಡಕ್ಕೆ 1.8 ಸೆಂಟಿಮೀಟರ್, ಮೇಲೆ ಕೆಳಗೆ ಬರೀ 1.5 ಮಿಲಿಮೀಟರ್. ಎರಡೂ ಮರಳು ನೆಲಗಳು, ನಿಜ, ಎಲ್ಲ ನೆಲವೂ ಹಾಗಿರುವುದಿಲ್ಲ. ಆದರೂ ಮಿಲಿಮೀಟರ್ ಲೆಕ್ಕದ ಗುಣವನ್ನು 5 ಮೀಟರ್ ದಪ್ಪದ ಪದರದಲ್ಲಿ ಹಿಡಿಯುತ್ತೇನೆ ಅಂದರೆ ಸ್ವಲ್ಪ ಯೋಚಿಸಬೇಕು, ಅಲ್ವಾ?

ಅಂಚು ಕುಣಿಯುವುದು, ಮೈನಸ್ ಬರುವುದು

ಅಪ್‌ಸ್ಟ್ರೀಮ್ ಬೇಡ ಅಂತ ಸೆಂಟ್ರಲ್ ಡಿಫರೆನ್ಸ್ ಹಾಕಿದಿರಿ. ಅದು ಗೋಡೆಯ ಮೇಲೆ ಎರಡೂ ಸೆಲ್‌ಗಳ ಸರಾಸರಿ ತೆಗೆದುಕೊಳ್ಳುತ್ತದೆ. ಹರಡುವಿಕೆ ಕಡಿಮೆಯಾಯಿತು, ಆದರೆ ಅಂಚಿನ ಹಿಂದೆ 1.15, ಮುಂದೆ −0.08 ಅಂತ ಅಲೆಗಳು ಶುರು. ಇದನ್ನು ಅಳೆಯುವ ಅಳತೆಗೋಲು ಪೆಕ್ಲೆ ಸಂಖ್ಯೆ: ವೇಗ × ಸೆಲ್ ಉದ್ದ ÷ ಡಿಸ್ಪರ್ಷನ್. ಡಿಸ್ಪರ್ಸಿವಿಟಿಯ ಲೆಕ್ಕದಲ್ಲಿ ಹೇಳುವುದಾದರೆ ಸೆಲ್ ಉದ್ದ ÷ ಡಿಸ್ಪರ್ಸಿವಿಟಿ. ಅದು 2 ದಾಟಬಾರದು. ನಮ್ಮ ಕೊಳವೆಯಲ್ಲಿ 10 ಇದೆ. 2ಕ್ಕೆ ಇಳಿಸಲು ಸೆಲ್ 2 ಮೀಟರ್ ಆಗಬೇಕು. ಕೊಳವೆಯಲ್ಲಿ ಸುಲಭ. ಮೂರೂ ದಿಕ್ಕಿನಲ್ಲಿ ಹಾಗೆ ಮಾಡಿದರೆ ಸೆಲ್‌ಗಳ ಸಂಖ್ಯೆ 125 ಪಟ್ಟು, ಟೈಮ್ ಸ್ಟೆಪ್‌ಗಳೂ ಐದು ಪಟ್ಟು. ಕಂಪ್ಯೂಟರ್ ಕೈ ಮುಗಿಯುತ್ತದೆ.

ಹರಡುವಿಕೆಯೂ ಬೇಡ, ಅಲೆಯೂ ಬೇಡ ಅಂದರೆ ಆಗುವುದಿಲ್ಲವಾ? 1959ರಲ್ಲೇ ಗಣಿತಜ್ಞ ಗೊಡುನೊವ್ ಇದನ್ನು ಸಾಬೀತು ಮಾಡಿಟ್ಟಿದ್ದಾರೆ: ಅಲೆ ಎಬ್ಬಿಸದ ಸರಳ ಲೀನಿಯರ್ ಪದ್ಧತಿ ಮೊದಲ ದರ್ಜೆಯ ನಿಖರತೆ ದಾಟುವುದಿಲ್ಲ. ಅಲೆ ಏಳದಂತೆ ತಡೆಯಲೆಂದೇ ಮಾಡಿದ ಟಿವಿಡಿ ಪದ್ಧತಿಗಳು ಇದರಿಂದ ತಪ್ಪಿಸಿಕೊಳ್ಳುವುದು ಲೀನಿಯರ್ ಅಲ್ಲದೆ ಇರುವುದರಿಂದ. ಅಂಚು ಕಡಿದಾದ ಕಡೆ ಒಂದು ನಡವಳಿಕೆ, ನುಣುಪು ಇರುವ ಕಡೆ ಇನ್ನೊಂದು.

ಆದರೆ ಎಲ್ಲ ಮೈನಸ್‌ಗಳಿಗೂ ಪೆಕ್ಲೆ ಕಾರಣವಲ್ಲ. ಮೈನಸ್ ಎಲ್ಲಿ ಬಂದಿದೆ ಅಂತ ನಕ್ಷೆಯಲ್ಲಿ ನೋಡಿ, ಜಾಗವೇ ಅರ್ಧ ಉತ್ತರ ಹೇಳುತ್ತದೆ. ಅಂಚಿನ ಹಿಂದೆ ಮುಂದೆ ಅಲೆಯಾಗಿ ಬಂದಿದ್ದರೆ ಸೆಂಟ್ರಲ್ ಡಿಫರೆನ್ಸ್‌ನ ಕೆಲಸ. ಪ್ಲೂಮ್‌ನ ಎರಡು ಪಕ್ಕೆಗಳಲ್ಲಿ ತೆಳುವಾಗಿ, ಅದೂ ಹರಿವು ಗ್ರಿಡ್‌ಗೆ ಓರೆ ಇರುವ ಕಡೆ ಬಂದಿದ್ದರೆ ಡಿಸ್ಪರ್ಷನ್‌ನ ಅಡ್ಡ ಪದಗಳು ಕಾರಣ, ಅಡ್ವೆಕ್ಷನ್ (ನೀರಿನ ಜೊತೆ ಸಾಗುವಿಕೆ) ಪದ್ಧತಿಯನ್ನು ಎಷ್ಟು ಬದಲಿಸಿದರೂ ಅದು ಹೋಗುವುದಿಲ್ಲ. ಮಾಡ್‌ಫ್ಲೋ 6ರಲ್ಲಿ ಆ ಅಡ್ಡ ಪದಗಳ ಲೆಕ್ಕ ಮಾಡುವ ಎಕ್ಸ್‌ಟಿ3ಡಿ ಆಯ್ಕೆಯನ್ನು ಆಫ್ ಮಾಡಿ ಒಮ್ಮೆ ಓಡಿಸಿ, ಮೈನಸ್ ಮಾಯವಾದರೆ ಕಳ್ಳ ಸಿಕ್ಕಿದ. ಅದನ್ನು ಪರೀಕ್ಷೆಗೆ ಮಾತ್ರ ಮಾಡಿ, ಯಾಕೆಂದರೆ ಆಫ್ ಮಾಡಿದ ಉತ್ತರದ ನಿಖರತೆ ಕಡಿಮೆ. ಇನ್ನು ಇಡೀ ಮಾಡೆಲ್‌ನಲ್ಲಿ ಅಲ್ಲಲ್ಲಿ ಉಪ್ಪು ಉದುರಿಸಿದ ಹಾಗೆ ಅತಿ ಚಿಕ್ಕ ಮೈನಸ್‌ಗಳಿದ್ದರೆ ಅದು ಸಾಲ್ವರ್‌ನ ಸಡಿಲ ಮಿತಿ. ಈಗ ಮುಟ್ಟಬಹುದು ಸಾಲ್ವರ್ ಅನ್ನು.

ಮೈನಸ್‌ಗಳನ್ನು ಸೊನ್ನೆ ಅಂತ ತಿದ್ದಿ ಮುಂದೆ ಹೋಗುವ ಅಭ್ಯಾಸ ನೋಡಿದ್ದೇನೆ. ಪ್ರತಿ ಸಲ ತಿದ್ದಿದಾಗಲೂ ಎಲ್ಲಿಂದಲೋ ಮಾಲಿನ್ಯ ಹುಟ್ಟಿಸಿದ ಹಾಗೆ. ಸಾವಿರ ಸ್ಟೆಪ್ ಆದ ಮೇಲೆ ಲೆಕ್ಕ ಎಲ್ಲಿಗೋ ಹೋಗಿರುತ್ತದೆ. ಅದೇ ಮೈನಸ್ಸನ್ನು ಹಾಗೇ ಬಿಟ್ಟು ಫ್ರಾಯಿಂಡ್ಲಿಕ್ ಅಂಟುವಿಕೆ (ಸಾಂದ್ರತೆಯ ಘಾತಕ್ಕೆ ತಕ್ಕಂತೆ ಅಂಟುವ ಲೆಕ್ಕ) ಇಟ್ಟುಕೊಂಡರೆ ಇನ್ನೊಂದು ತೊಂದರೆ: ಮೈನಸ್ ಸಂಖ್ಯೆಗೆ 0.7ನೇ ಘಾತ ತೆಗೆಯಲು ಹೋಗಿ ಲೆಕ್ಕ ಅಲ್ಲೇ ಸಾಯುತ್ತದೆ. ಫಲಿತಾಂಶದಲ್ಲಿ ಎನ್ಎಎನ್ (ಇದು ಸಂಖ್ಯೆಯೇ ಅಲ್ಲ ಅನ್ನುವ ಸೂಚನೆ) ಕಂಡರೆ ಮೊದಲು ಇದನ್ನು ನೋಡಿ.

ಮೂಲಕ್ಕಿಂತ ಜಾಸ್ತಿ ಸಾಂದ್ರತೆ ಬಂದರೆ ಮಾತ್ರ ಒಂದು ನಿಮಿಷ ತಡೆಯಿರಿ. ನೀರು ಆವಿಯಾಗಿ ಉಪ್ಪು ಹಿಂದೆ ಉಳಿಯುವ ಕಡೆ ಸಾಂದ್ರತೆ ಏರುವುದು ಸಹಜ. ಅದು ತಪ್ಪಲ್ಲ.

ಟಿವಿಡಿ ಹಾಕಿದೆ, ಆದರೂ ಹರಡುತ್ತಿದೆ

ಈ ದೂರು ತುಂಬ ಸಲ ಕೇಳಿದ್ದೇನೆ. ಮಾಡ್‌ಫ್ಲೋ 6ರಲ್ಲಿ ನೀವು ಏನೂ ಹೇಳದಿದ್ದರೆ ಅಪ್‌ಸ್ಟ್ರೀಮ್ ತೆಗೆದುಕೊಳ್ಳುತ್ತದೆ, ಹಾಗಾಗಿ ಟಿವಿಡಿ ಅಂತ ಬರೆದದ್ದು ನಿಜವಾಗಿ ಫೈಲ್‌ನಲ್ಲಿ ಇದೆಯಾ ಮೊದಲು ನೋಡಿ. ಇದ್ದರೆ ಮುಂದಿನ ಅನುಮಾನ ಟೈಮ್ ಸ್ಟೆಪ್ ಮೇಲೆ. ಟಿವಿಡಿ ಸರಿಮಾಡುವುದು ಜಾಗದ ಲೆಕ್ಕವನ್ನು. ಕಾಲದ ಲೆಕ್ಕ ಅಲ್ಲಿ ಪೂರ್ತಿ ಇಂಪ್ಲಿಸಿಟ್, ಅದು ಕೂಡ ಹರಡುತ್ತದೆ: ವೇಗದ ವರ್ಗ × ಟೈಮ್ ಸ್ಟೆಪ್ ÷ 2. ನಮ್ಮ 25 ದಿನದ ಸ್ಟೆಪ್‌ಗೆ 0.5 ಬರುತ್ತದೆ. ಕೊಟ್ಟದ್ದಕ್ಕಿಂತ ಎರಡೂವರೆ ಪಟ್ಟು, ಸೆಲ್ ಎಷ್ಟೇ ಚಿಕ್ಕದು ಮಾಡಿದರೂ ಅದು ಅಲ್ಲೇ ಇರುತ್ತದೆ. ಇಂಪ್ಲಿಸಿಟ್ ಲೆಕ್ಕ ಯಾವ ಸ್ಟೆಪ್ ಕೊಟ್ಟರೂ ಸಿಡಿಯುವುದಿಲ್ಲ, ಅದೇ ಅದರ ಮೋಸ. ಕೂರಾಂಟ್ 8 ಇದ್ದರೂ ತೆಪ್ಪಗೆ ಓಡಿ, ಕಲಸಿದ ಉತ್ತರ ಕೊಡುತ್ತದೆ.

ಎಂಟಿ3ಡಿಎಂಎಸ್‌ನ ಟಿವಿಡಿ ಎಕ್ಸ್‌ಪ್ಲಿಸಿಟ್, ಕೂರಾಂಟ್ 1 ದಾಟದಂತೆ ತಾನೇ ಸ್ಟೆಪ್ ಕತ್ತರಿಸಿಕೊಳ್ಳುತ್ತದೆ. ಅಲ್ಲಿ ಈ ತೊಂದರೆ ಕಡಿಮೆ, ಬದಲಿಗೆ ಓಟ ನಿಧಾನ.

ಆಮೆಯಂತೆ ಓಡುತ್ತಿದ್ದರೆ

ಸಾಮಾನ್ಯವಾಗಿ ಒಂದೇ ಒಂದು ಸೆಲ್ ಇಡೀ ಮಾಡೆಲನ್ನು ಹಿಡಿದು ಎಳೆಯುತ್ತಿರುತ್ತದೆ. ಎಂಟಿ3ಡಿಎಂಎಸ್ ತನ್ನ ಔಟ್‌ಪುಟ್‌ನಲ್ಲಿ ಅನುಮತಿ ಇರುವ ದೊಡ್ಡ ಸ್ಟೆಪ್ ಎಷ್ಟು, ಅದನ್ನು ತಡೆಯುತ್ತಿರುವ ಸೆಲ್ ಯಾವುದು ಅಂತ ಪದರ, ಸಾಲು, ಕಾಲಂ ಸಮೇತ ಬರೆದಿರುತ್ತದೆ. ಹೋಗಿ ನೋಡಿ. ಪಂಪ್ ಮಾಡುವ ಬಾವಿಯ ಚಿಕ್ಕ ಸೆಲ್ ಇರಬಹುದು, ಅಥವಾ ಎರಡು ಬೆರಳು ನೀರು ಉಳಿದ ಬಹುತೇಕ ಒಣ ಸೆಲ್. ಎರಡನೆಯದಾಗಿದ್ದರೆ ಪದರಗಳನ್ನು ಕೂಡಿಸಿಬಿಡಿ. ಪ್ಲೂಮ್ ಆ ಕಡೆ ಹೋಗುವುದೇ ಇಲ್ಲ ಅಂದರೆ ಆ ಸೆಲ್ ಅನ್ನು ಟ್ರಾನ್ಸ್‌ಪೋರ್ಟ್ ಲೆಕ್ಕದಿಂದ ಹೊರಗಿಡಿ.

ಮಾಸ್ ಬ್ಯಾಲೆನ್ಸ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಪ್‌ಸ್ಟ್ರೀಮ್, ಸೆಂಟ್ರಲ್, ಟಿವಿಡಿ ಮೂರೂ ಮಾಲಿನ್ಯದ ಒಟ್ಟು ತೂಕವನ್ನು ಕಾಪಾಡುತ್ತವೆ. ಅಲ್ಲಿ ಬ್ಯಾಲೆನ್ಸ್ ತಪ್ಪಿದರೆ ಅದು ನಿಜವಾದ ತಪ್ಪು, ಸಾಲ್ವರ್ ಅಥವಾ ಹರಿವಿನದು. ಎಂಒಸಿ ಬಗೆಯ ಕಣ ಓಡಿಸುವ ಪದ್ಧತಿಗಳ ಸ್ವಭಾವ ಬೇರೆ. ಅವು ಅಂಚನ್ನು ಚೂಪಾಗಿ ಇಡುತ್ತವೆ, ಆದರೆ ಶುರುವಿನಲ್ಲಿ ಬ್ಯಾಲೆನ್ಸ್ ಮೇಲೆ ಕೆಳಗೆ ಆಡುತ್ತದೆ. ಪ್ಲೂಮ್ ಎರಡು ಮೂರು ಸೆಲ್‌ನಷ್ಟೇ ಇದ್ದಾಗ ಬಂದ ವ್ಯತ್ಯಾಸಕ್ಕೆ ಗಾಬರಿ ಬೇಡ, ಪ್ಲೂಮ್ ಬೆಳೆದ ಹಾಗೆ ಇಳಿಯುತ್ತದಾ ನೋಡಿ. ಇಳಿಯದಿದ್ದರೆ ಕಣಗಳ ಸಂಖ್ಯೆ ಹೆಚ್ಚಿಸಿ.

ಆದರೆ ಬ್ಯಾಲೆನ್ಸ್ ಸರಿಯಿದೆ ಅಂದರೆ ಉತ್ತರ ಸರಿಯಿದೆ ಅಂತ ಅಲ್ಲ. ನಮ್ಮ ಏಳೂವರೆ ಪಟ್ಟಿನ ಕೊಳವೆಯ ಬ್ಯಾಲೆನ್ಸ್ ಬಂಗಾರದಂತಿತ್ತು. ತೂಕ ಎಲ್ಲೂ ಕಳೆದುಹೋಗಿಲ್ಲ, ತಪ್ಪು ಜಾಗದಲ್ಲಿ ಕೂತಿದೆ ಅಷ್ಟೇ.

ಮೂಲ ಮತ್ತು ಗಡಿ

ಮೂಲದ ಹತ್ತಿರ ಸಾಂದ್ರತೆ ಅಳತೆಗಿಂತ ತೀರಾ ಕಡಿಮೆ ಬಂದರೆ ಸೆಲ್ ಅಗಲ ನೋಡಿ. 5 ಮೀಟರ್ ಅಗಲದ ಸೋರುವ ಗುಂಡಿಯನ್ನು 50 ಮೀಟರ್ ಸೆಲ್‌ನಲ್ಲಿ ಇಟ್ಟರೆ ಮೊದಲ ದಿನವೇ ಹತ್ತು ಪಟ್ಟು ತೆಳುವಾಯಿತು. ಜಾಸ್ತಿ ಬಂದರೆ ಗಡಿಯ ಬಗೆ ನೋಡಿ. ಸಾಂದ್ರತೆಯನ್ನೇ ಗಟ್ಟಿಯಾಗಿ ಹಿಡಿದಿಟ್ಟ ಗಡಿ ಹರಿವಿನ ಜೊತೆಗೆ ಡಿಸ್ಪರ್ಷನ್ ಮೂಲಕವೂ ಮಾಲಿನ್ಯವನ್ನು ಒಳಗೆ ತಳ್ಳುತ್ತದೆ. ವೇಗ ಕಡಿಮೆ, ಡಿಸ್ಪರ್ಷನ್ ಜಾಸ್ತಿ ಇರುವ ಕಡೆ ಇದು ಚಿಕ್ಕದಲ್ಲ. ಒಳಗೆ ಹೋದ ಒಟ್ಟು ತೂಕವನ್ನು ಹರಿವು × ಸಾಂದ್ರತೆಗೆ ಹೋಲಿಸಿ, ಜಾಸ್ತಿ ಇದ್ದರೆ ಗಡಿಯಲ್ಲಿ ಸಾಂದ್ರತೆಯ ಬದಲು ತೂಕದ ಹರಿವನ್ನೇ ಕೊಡಿ.

ಬಾವಿ ಕೂತ ಸೆಲ್ ದೊಡ್ಡದಿದ್ದರೆ, ಬಂದ ನೀರಿನಲ್ಲಿ ಸ್ವಲ್ಪ ಬಾವಿಗೆ ಹೋಗಿ ಉಳಿದದ್ದು ಹಾಗೇ ದಾಟಿಹೋಗುತ್ತದೆ. ನಿಜದಲ್ಲಿ ಬಾವಿ ಪ್ಲೂಮ್ ಅನ್ನು ಪೂರ್ತಿ ಹಿಡಿಯುತ್ತಿದ್ದರೂ ಮಾಡೆಲ್‌ನಲ್ಲಿ ಒಂದಿಷ್ಟು ತಪ್ಪಿಸಿಕೊಂಡಂತೆ ಕಾಣುತ್ತದೆ. ಬಾವಿಯ ಸುತ್ತ ಮಾತ್ರ ಗ್ರಿಡ್ ಚಿಕ್ಕದು ಮಾಡಿದರೆ ಗೊತ್ತಾಗುತ್ತದೆ.

ಎಲ್ಲ ಸರಿಯಿದ್ದೂ ಹೊಂದದಿದ್ದರೆ

ಒಂದೇ ಸಾಂದ್ರತೆಯ ಪರೀಕ್ಷೆ ಪಾಸಾಯಿತು. ಕೊಳವೆ ಸೂತ್ರಕ್ಕೆ ಹೊಂದಿತು. ಸೆಲ್ ಮತ್ತು ಟೈಮ್ ಸ್ಟೆಪ್ ಎರಡನ್ನೂ ಅರ್ಧ ಮಾಡಿದರೂ ಉತ್ತರ ಅಲ್ಲಾಡಲಿಲ್ಲ. ಆದರೂ ಬಾವಿಯ ಅಳತೆಯಲ್ಲಿ ಮಾಲಿನ್ಯ ಬೇಗ ಬರುತ್ತದೆ, ಆಮೇಲೆ ವರ್ಷಗಟ್ಟಲೆ ಬಾಲ ಎಳೆಯುತ್ತದೆ. ಈಗ ನೆಲದ ಮೇಲೆ ಅನುಮಾನ ಪಡಬಹುದು. ಅಮೆರಿಕದ ಮಿಸಿಸಿಪಿಯ ಕೊಲಂಬಸ್‌ನಲ್ಲಿ ನಡೆದ ಮೇಡ್ ಪ್ರಯೋಗಗಳಲ್ಲಿ ಹೀಗೇ ಆಯಿತು. ಅಲ್ಲಿನ ಪ್ಲೂಮ್‌ನ ಬಹುಪಾಲು ಮೂಲದ ಹತ್ತಿರವೇ ಉಳಿದು, ಸ್ವಲ್ಪ ಭಾಗ ಮಾತ್ರ ಬಹು ದೂರ ಓಡಿತು, ಒಂದು ಸರಾಸರಿ ವೇಗ ಮತ್ತು ಡಿಸ್ಪರ್ಷನ್ ಇಟ್ಟ ಮಾಮೂಲಿ ಸಮೀಕರಣ ಅದನ್ನು ಹಿಡಿಯಲಿಲ್ಲ. ಹರಿಯುವ ಸಂದಿ, ನಿಂತ ಸಂದಿ ಅಂತ ಎರಡು ಭಾಗ ಮಾಡಿ ನಡುವೆ ಮಾಲಿನ್ಯ ಕೊಟ್ಟು ತೆಗೆದುಕೊಳ್ಳುವ ಡ್ಯುಯಲ್ ಡೊಮೇನ್ ಮಾಡೆಲ್‌ಗಳು ಅಲ್ಲಿ ಹೆಚ್ಚು ಹತ್ತಿರ ಬಂದವು.

ಆ ಸೌಲಭ್ಯ ಎಂಟಿ3ಡಿಎಂಎಸ್‌ನಲ್ಲೂ ಇದೆ, ಮಾಡ್‌ಫ್ಲೋ 6ರಲ್ಲೂ ಇದೆ. ಆದರೆ ಅದನ್ನು ಸೇರಿಸಿದ ದಿನ ಸೊನ್ನೆ ಡಿಸ್ಪರ್ಸಿವಿಟಿಯ ಓಟವನ್ನು ಇನ್ನೊಮ್ಮೆ ಮಾಡಿ, ಪಕ್ಕದಲ್ಲಿಟ್ಟುಕೊಳ್ಳಿ. ಗ್ರಿಡ್‌ನ ಹರಡುವಿಕೆಯೂ ಮಾಲಿನ್ಯವನ್ನು ಬೇಗ ತರುತ್ತದೆ, ನಿಂತ ಸಂದಿಗಳಿರುವ ನೆಲದಲ್ಲೂ ಅದು ಬೇಗ ಬರುತ್ತದೆ. ಬಾವಿಯ ಗ್ರಾಫ್‌ನ ಮೊದಲ ಭಾಗ ಮಾತ್ರ ನೋಡಿದರೆ ಯಾವುದು ಯಾವುದು ಅಂತ ಹೇಳಲಾಗುವುದಿಲ್ಲ. ಬಾಲ ನೋಡಬೇಕು, ಗ್ರಿಡ್‌ಗೆ ಅಷ್ಟು ಉದ್ದದ ಬಾಲ ಎಳೆಯಲು ಬರುವುದಿಲ್ಲ.